ಅಪ್ಪನ ಲಾರಿಗೆ ಹದಿನಾರೋ ಮೂವತ್ತೆರಡೋ

ಅಪ್ಪನಿಗೆ ಲಾರಿ ಓಡಿಸುವ ಹುಚ್ಚು ಹಿಡಿದದ್ದು ಅರವತ್ತು ದಾಟಿದ ಮೇಲೆ, ಅದೂ ಮಂಚದ ಮೇಲೆ ಕೂತು. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯೊಳಗೆ ಇಳಿದು ಹತ್ತಿ, ಇಳಿದು ಹತ್ತಿ ವಯಸ್ಸು ಕಳೆದವನು ಅವನು. ಗಣಿ ಮುಚ್ಚಿದ ಮೇಲೆ ನಮ್ಮನ್ನೆಲ್ಲ ಕಟ್ಟಿಕೊಂಡು ಬಂಗಾರಪೇಟೆ ಹತ್ತಿರದ ಅಮ್ಮನ ಊರಿಗೆ ಬಂದ. ಹಸು ಕಟ್ಟಿದ, ಬೆಂಗಳೂರಿನ ರೈಲು ಹತ್ತಿ ಸೆಕ್ಯೂರಿಟಿ ಕೆಲಸಕ್ಕೆ ಹೋಗಿಬಂದ. ಸೈಕಲ್ಲು ಬಿಟ್ಟರೆ ಬೇರೆ ಯಾವ ಗಾಡಿಯನ್ನೂ ಅವನು ಮುಟ್ಟಿದವನಲ್ಲ. ಆಮೇಲೆ ಎದೆಯಲ್ಲಿ ಅಷ್ಟು ವರ್ಷ ಸುಮ್ಮನೆ ಕೂತಿದ್ದ ಗಣಿಯ ಧೂಳು ಏಳತೊಡಗಿತು. ಕೊಟ್ಟಿಗೆಯವರೆಗೆ ಹೋಗಿಬಂದರೆ ಕಂಬ ಹಿಡಿದು ನಿಂತುಕೊಳ್ಳುವ ಹಾಗಾಯಿತು.

ಮಂಚದ ಮೇಲೆ ಸುಮ್ಮನೆ ಕೂತಿರಲಾರದೆ ಅವನು ಮನೆಯವರ ಪ್ರಾಣ ತಿನ್ನುತ್ತಿದ್ದ. ಹಸು ಯಾಕೆ ಕೂಗುತ್ತಿದೆ, ಹಾಲಿನ ಡೇರಿಗೆ ಯಾಕೆ ತಡವಾಯಿತು, ನಲ್ಲಿಯಲ್ಲಿ ನೀರು ಯಾಕೆ ತೊಟ್ಟಿಕ್ಕುತ್ತಿದೆ. ಒಂದು ಭಾನುವಾರ ನಾನು ರೋಸಿಹೋಗಿ ನನ್ನ ಹಳೇ ಲ್ಯಾಪ್‌ಟಾಪನ್ನು ಅವನ ಮುಂದಿಟ್ಟು, ಲಾರಿ ಓಡಿಸುವ ಆಟವೊಂದನ್ನು ಹಾಕಿಕೊಟ್ಟೆ. ಅರ್ಧ ಗಂಟೆ ತೆಪ್ಪಗಿದ್ದರೆ ಸಾಕು ಅನ್ನುವುದು ನನ್ನ ಲೆಕ್ಕಾಚಾರ. ಅವನು ಅವತ್ತು ಊಟಕ್ಕೂ ಏಳಲಿಲ್ಲ.

ಆಟದಲ್ಲಿರುವುದು ಯಾವುದೋ ಪರದೇಶದ ರಸ್ತೆಗಳು. ಒಂದೂರಿನಿಂದ ಸರಕು ತುಂಬಿಕೊಂಡು ಇನ್ನೊಂದೂರಿಗೆ ಮುಟ್ಟಿಸಬೇಕು. ಅಪ್ಪ ಅದನ್ನು ಆಟ ಅನ್ನುತ್ತಲೇ ಇರಲಿಲ್ಲ, ಡ್ಯೂಟಿ ಅನ್ನುತ್ತಿದ್ದ. "ಡ್ಯೂಟಿ ಮೇಲಿದೀನಿ ಕಣ್ಣು, ಆಮೇಲ್ ಮಾತಾಡು." ಮಕ್ಕಳನ್ನು ಕಣ್ಣು ಅಂತ ಕರೆಯುವುದು ಅವನು ಗಣಿ ಕೆಲಸಗಾರರ ಲೈನಿನ ತಮಿಳು ಮನೆಗಳಿಂದ ತಂದುಕೊಂಡ ಮಾತು. ರಸ್ತೆಯಲ್ಲಿ ಯಾವನಾದರೂ ಅಡ್ಡ ಬಂದರೆ ತೆಲುಗಿನಲ್ಲಿ ಬೈಯುತ್ತಿದ್ದ. ಉಸಿರಾಟದ ಮಾತ್ರೆ ತಂದುಕೊಟ್ಟರೆ ಲಾರಿಯನ್ನು ಪಕ್ಕಕ್ಕೆ ಹಾಕಿ, ಇಂಡಿಕೇಟರ್ ಉರಿಸಿಟ್ಟು, ಆಮೇಲೆ ನುಂಗುತ್ತಿದ್ದ.

ಬರಬರುತ್ತ ಆ ಲ್ಯಾಪ್‌ಟಾಪು ಏದುಸಿರು ಬಿಡತೊಡಗಿತು. ಎದುರಿನ ರಸ್ತೆ ಬೂದಿ ಬಣ್ಣದ ಮುದ್ದೆಯ ಹಾಗೆ ಕಾಣುತ್ತಿತ್ತು. ಲಾರಿ ಹತ್ತಿರ ಹೋದ ಮೇಲೆ ಮರಗಳು, ಕಂಬಗಳು ದಢಾರನೆ ಎದ್ದು ನಿಲ್ಲುತ್ತಿದ್ದವು. ನಾನು ಹಲ್ಲು ಕಚ್ಚುತ್ತಿದ್ದೆ. ಅಪ್ಪ ಮಾತ್ರ ಬ್ರೇಕ್ ಹಾಕಿ ಕಾಯುತ್ತ, "ಇರು, ಮುಂದೆ ರೋಡ್ ಇನ್ನೂ ಆಕ್ತಾ ಅವ್ರೆ," ಅನ್ನುತ್ತಿದ್ದ.

ಅದು ಹಾಗೆ ಏದುಸಿರು ಬಿಡಲು ನಮ್ಮ ಮನೆಯ ಒಂದು ಪದ್ಧತಿಯೂ ಕಾರಣ ಅನ್ನುವುದು ನನಗೆ ಆಗ ಹೊಳೆದಿರಲಿಲ್ಲ. ನಮ್ಮಲ್ಲಿ ಲ್ಯಾಪ್‌ಟಾಪನ್ನು ಯಾರೂ ಪೂರ್ತಿ ಆರಿಸುತ್ತಿರಲಿಲ್ಲ, ಒಬ್ಬರು ತೆರೆದದ್ದನ್ನು ಇನ್ನೊಬ್ಬರು ಮುಚ್ಚುತ್ತಿರಲಿಲ್ಲ. ಅಪ್ಪ ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಮಲಗಿದರೆ, ಅಮ್ಮ ಆಟವನ್ನು ಹಾಗೇ ಮರೆಗೆ ಸರಿಸಿ ಪಕ್ಕದಲ್ಲಿ ತನ್ನ ಸೀರಿಯಲ್ಲು ಹಚ್ಚಿಕೊಳ್ಳುವಳು. ಅಮ್ಮ ಹಾಲು ಹಾಕಲು ಹೋದರೆ ನಾನು ಅದನ್ನೂ ಹಾಗೇ ಬಿಟ್ಟು ನನ್ನ ಆಫೀಸಿನ ಕೆಲಸ ತೆರೆಯುವೆ. ಒಮ್ಮೆ ಆಟವನ್ನು ಮುಚ್ಚಲು ಕೈಹಾಕಿದ್ದಕ್ಕೆ ಅಮ್ಮ ಗದರಿದ್ದಳು: "ಅಪ್ಪಂದು ಮುಟ್ಬೇಡ ಕಣೆ. ಎದ್ಮೇಲೆ ಅವ್ರೇ ಮುಚ್ಕೊಂತಾರೆ."

ಇದು ಚಾಪೆಯ ಕಾಲದಿಂದ ಬಂದದ್ದು. ಲೈನಿನಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಅಪ್ಪ ಗಣಿಗೆ ಹೊರಟ ಮೇಲೆ ಅವನು ಮಲಗಿದ್ದ ಚಾಪೆಯನ್ನು ಯಾರೂ ಸುತ್ತುವಂತಿರಲಿಲ್ಲ. ಮನೆಯಿಂದ ಯಾರಾದರೂ ಹೊರಟ ಕೂಡಲೇ ಕಸ ಗುಡಿಸಬಾರದು ಅನ್ನುತ್ತಾರಲ್ಲ, ನಮ್ಮ ಅಜ್ಜಿ ಅದನ್ನು ಇನ್ನೂ ಬಿಗಿಮಾಡಿದ್ದಳು. ಭೂಮಿಯೊಳಗೆ ಇಳಿದವರ ಚಾಪೆ ಹಾಸಿದಂತೆಯೇ ಇರಬೇಕು, ಅವರು ಮೇಲೆ ಬಂದು ತಾವೇ ಸುತ್ತಬೇಕು. ಕಾಲು ಚಾಚಲು ಜಾಗವಿಲ್ಲದ ಆ ಕೋಣೆಯಲ್ಲಿ ನಾವೆಲ್ಲ ಗೋಡೆಗೆ ಅಂಟಿಕೊಂಡು ಮಲಗುತ್ತಿದ್ದೆವು, ನಡುವೆ ಅಪ್ಪನ ಖಾಲಿ ಚಾಪೆ ಆರಾಮಾಗಿ ಬಿದ್ದುಕೊಂಡಿರುತ್ತಿತ್ತು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅಪ್ಪ ಬಂದು, ಮುಖ ತೊಳೆದು, ಅದನ್ನು ಸುತ್ತಿ ಮೂಲೆಗೆ ನಿಲ್ಲಿಸುವವರೆಗೆ ಅಮ್ಮನ ಮುಖ ಮಾಮೂಲಿಗೆ ಬರುತ್ತಿರಲಿಲ್ಲ ಅನ್ನುವುದೂ ನನಗೆ ನೆನಪಿದೆ.

ಹೋದ ಚಳಿಗಾಲದಲ್ಲಿ ಅಪ್ಪನ ಉಸಿರು ತೀರ ಕೆಟ್ಟು ಕೋಲಾರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಟೋ ಹತ್ತಿಸುವಾಗ ಮಾತಾಡಬೇಡ ಅಂದರೂ ಕೇಳದೆ ನನ್ನ ಕೈ ಹಿಡಿದುಕೊಂಡು ಹೇಳಿದ: "ನಾ ಬರೋದ್ರೊಳ್ಗೆ ವಸಾದು ತಂದಿಕ್ಕಿರು ಕಣ್ಣು. ರೋಡು ಪೂರ್ತಿ ಕಾಣೋದು." ಹೊಸ ಲ್ಯಾಪ್‌ಟಾಪಿನ ಮಾತು ತಿಂಗಳುಗಟ್ಟಲೆ ನಡೆದಿತ್ತು, ನಾನೂ ಹೂಂ ಹೂಂ ಅಂದು ಮುಂದಕ್ಕೆ ಹಾಕಿದ್ದೆ. ಈಗ ಹೂಂ ಅಂದದ್ದು ಬೇರೆ ಥರ. ಅಮ್ಮ ಅವನ ಜೊತೆ ಆಸ್ಪತ್ರೆಯಲ್ಲಿ ನಿಂತಳು. ಹಸುಗಳನ್ನು ಪಕ್ಕದ ಮನೆಯ ಚಿಕ್ಕಮ್ಮ ನೋಡಿಕೊಂಡರು. ನನ್ನ ಪಾಲಿಗೆ ಬಂದದ್ದು ಓಡಾಟ ಮತ್ತು ಹೊಸ ಲ್ಯಾಪ್‌ಟಾಪು.

ನನ್ನ ತಲೆ ಕೆಟ್ಟದ್ದು ಅಲ್ಲಿಂದ. ಗೇಮ್ ಆಡುವ ಲ್ಯಾಪ್‌ಟಾಪು ಅಂದಮೇಲೆ ಉಳಿದದ್ದೆಲ್ಲ ಹೇಗೋ ತೀರ್ಮಾನವಾಯಿತು, ಮೆಮೊರಿಯ ಹತ್ತಿರ ಬಂದು ಸಿಕ್ಕಿಕೊಂಡೆ. ಅಂಗಡಿಯವರು ರ‍್ಯಾಮ್ ಅನ್ನುತ್ತಾರಲ್ಲ, ಅದು. ಎಂಟು ಜಿಬಿ ಈಗ ಯಾತಕ್ಕೂ ಸಾಲದು ಅನ್ನುವುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಹದಿನಾರು ಸಾಕೋ, ಮೂವತ್ತೆರಡೇ ಬೇಕೋ ಅನ್ನುವಲ್ಲಿಗೆ ಲೋಕವೇ ಇಬ್ಭಾಗ. ಬೆಳಿಗ್ಗೆ ಬೆಂಗಳೂರಿನ ಆಫೀಸಿಗೆ ಹೋಗುವ ರೈಲಿನಲ್ಲಿ ನಿಂತುಕೊಂಡು ವಿಡಿಯೋ ನೋಡುತ್ತಿದ್ದೆ. ಒಬ್ಬ ಹದಿನಾರು ಧಾರಾಳ ಅಂತ ನಗುತ್ತಾನೆ, ಟೇಕಲ್ ಬರುವಷ್ಟರಲ್ಲಿ ಇನ್ನೊಬ್ಬ ಮೂವತ್ತೆರಡಿಲ್ಲದೆ ಕೊಂಡರೆ ನೀವು ಮೂರ್ಖರು ಅಂತ ಕಿರುಚುತ್ತಾನೆ. ಮಾಲೂರಿನ ಹೊತ್ತಿಗೆ ಮೂರನೆಯವನು, ಕೆಲವು ಮಾಡೆಲ್ಲುಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಮುಂದೆ ಹೆಚ್ಚಿಸಲು ಬರುವುದಿಲ್ಲ, ಹುಷಾರು ಅಂತ ಹೊಸ ಹುಳ ಬಿಡುತ್ತಾನೆ. ವೈಟ್‌ಫೀಲ್ಡಿನಲ್ಲಿ ಇಳಿದು ಆಫೀಸಿಗೆ ನಡೆಯುವಾಗ ನನ್ನ ಬಾಯಿ ತನ್ನಷ್ಟಕ್ಕೆ ಹದಿನಾರು ಮೂವತ್ತೆರಡು ಅಂತ ಗೊಣಗುತ್ತಿತ್ತು.

ಸಂಜೆ ಅದೇ ರೈಲಿನಲ್ಲಿ ವಾಪಸು ಬಂದು ಕೋಲಾರದ ಬಸ್ಸು ಹತ್ತುವೆ. ಅಪ್ಪ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ಮಲಗಿರುವನು. "ತಂದ್ಯಾ?" ಅಂತ ಕಣ್ಣಲ್ಲೇ ಕೇಳುವನು. ನಾನು ಇನ್ನೂ ನೋಡ್ತಿದೀನಿ ಅನ್ನುವೆ. ಅಮ್ಮನಿಗೆ ರೇಗುತ್ತಿತ್ತು. "ಅದೇನ್ ಎಣ್ಣು ನೋಡಾ ಅಂಗೆ ನೋಡ್ತಿದೀಯ? ಯಾವ್ದೋ ಒಂದ್ ತರಬಾರ್ದಾ?" ನಾನು ಅವಳ ಮೇಲೆ ಹರಿಹಾಯುತ್ತಿದ್ದೆ. ನಿನಗೇನು ಗೊತ್ತಾಗುತ್ತೆ, ಸುಮ್ನಿರು. ನನಗೂ ಏನೂ ಗೊತ್ತಾಗುತ್ತಿರಲಿಲ್ಲ.

ರಜೆ ಹಾಕಿ ನಮ್ಮ ಹಳೇ ಲೈನಿನ ಪಕ್ಕದ ರಾಬರ್ಟ್‌ಸನ್ ಪೇಟೆಯ ಒಂದು ಸಣ್ಣ ಅಂಗಡಿಗೆ ಹೋದೆ. ಬೆಂಗಳೂರಲ್ಲಿ ದೊಡ್ಡ ದೊಡ್ಡ ಮಳಿಗೆಗಳಿರುವಾಗ ಇಲ್ಲಿಗೇಕೆ ಬಂದೆನೋ, ನಮ್ಮವರ ಹತ್ತಿರ ಕೇಳಿದರೆ ಸಮಾಧಾನ ಅನ್ನಿಸಿರಬೇಕು. ಅಂಗಡಿಯಾತ ನನ್ನ ವಯಸ್ಸಿನವನೇ, ಗಿರಾಕಿಗೆ ತಕ್ಕಂತೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಮಾತಾಡುವವನು. ನಾನು ಹದಿನಾರೋ ಮೂವತ್ತೆರಡೋ ಅಂತ ಶುರುಮಾಡಿದ ಕೂಡಲೇ ಕೈ ಎತ್ತಿ ತಡೆದ.

"ಅದಿರ್ಲಿ ಅಕ್ಕಾ. ಎಷ್ಟ್ ವರ್ಷಕ್ಕೆ ಬೇಕು, ಅದೇಳಿ ಮೊದ್ಲು."

"ಅಂದ್ರೆ?"

"ಅಂದ್ರೆ ಈಗಿನ್ ಆಟಕ್ಕೆ ಅದಿನಾರು ಸಾಕು. ಇನ್ನೂ ನಾಕೈದ್ ವರ್ಷ ಓಡಿಸ್ತೀವಿ ಅಂದ್ರೆ ಮೂವತ್ತೆರಡು ಆಕ್ಸಿ. ಸುಮ್ನೆ ವರ್ಷ ಎರಡ್ ವರ್ಷಕ್ಕಾದ್ರೆ ಯಾಕ್ ದಂಡ?"

ಅದರ ಹಿಂದಿನ ದಿನವೇ ನಾನು ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳಿದ್ದೆ. ಅವರು ಚೀಟಿಯಿಂದ ತಲೆಯೆತ್ತದೆ, "ಅದನ್ನೆಲ್ಲ ಈಗಲೇ ಹೇಳಲಿಕ್ಕೆ ಆಗಲ್ಲಮ್ಮ, ಚೆನ್ನಾಗಿ ನೋಡಿಕೊಳ್ಳಿ," ಅಂದಿದ್ದರು. ನಾನು ಯಾಕೆ ಅಷ್ಟು ದಿನದಿಂದ ಒದ್ದಾಡುತ್ತಿದ್ದೆ ಅನ್ನುವುದು ಆ ಅಂಗಡಿಯ ಸ್ಟೂಲಿನ ಮೇಲೆ ಕೂತಾಗ ಗೊತ್ತಾಯಿತು. ಹದಿನಾರು ಸಾಕು ಅಂದರೆ ಅಪ್ಪನಿಗೆ ಅಷ್ಟೇ ಸಾಕು ಅಂದಹಾಗೆ. ಮೂವತ್ತೆರಡು ಅಂದುಬಿಡಬಹುದಿತ್ತು. ಆದರೆ ಅದು ಮನೆಗೆ ಬಂದು, ಅವನು ಬರದೇ ಹೋದರೆ? ಆ ಯೋಚನೆ ಬಂದದ್ದಕ್ಕೇ ನನಗೆ ನನ್ನ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸಿತು. ಹೆದರಿಕೆಯಾಗಿತ್ತು ನನಗೆ, ಅಷ್ಟೇ. ಅದನ್ನು ಜಿಬಿಗಳಲ್ಲಿ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದೆ.

ಅಂಗಡಿಯಾತ ನನ್ನ ಮುಖ ನೋಡಿ ಏನೆಂದುಕೊಂಡನೋ, "ಒಂದ್ ಕೆಲ್ಸ ಮಾಡಿ, ಅಳೇದು ತಗೊಂಬನ್ನಿ. ಎಷ್ಟ್ ತಿಂತಾ ಐತೆ ನೋಡ್ಕೊಂಡು ಏಳ್ತೀನಿ," ಅಂದ. ನಿರ್ಧಾರ ಒಂದು ದಿನ ಮುಂದಕ್ಕೆ ಹೋಯಿತಲ್ಲ ಅಂತ ಖುಷಿಯಿಂದಲೇ ಎದ್ದು ಬಂದೆ.

ಮರುದಿನ ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ, ಟವೆಲ್ಲಿನಲ್ಲಿ ಸುತ್ತಿ, ಚೀಲಕ್ಕಿಟ್ಟುಕೊಂಡು ಹೊರಟೆ. ಅಪ್ಪ ಆಸ್ಪತ್ರೆಗೆ ಹೋದಾಗಿನಿಂದ ಅದರ ಮುಚ್ಚಳ ಇಳಿಸಿ ಚಾರ್ಜಿಗೆ ಹಾಕಿಟ್ಟದ್ದು ಬಿಟ್ಟರೆ ಯಾರೂ ಮುಟ್ಟಿರಲಿಲ್ಲ. ಅಂಗಡಿಯಾತ ಅದನ್ನು ತೆರೆದು ಮೆಮೊರಿ ಎಷ್ಟು ತುಂಬಿದೆ ಅಂತ ತೋರಿಸುವ ಪಟ್ಟೆಗಳನ್ನು ನೋಡಿದವನೇ ಹಣೆ ಚಚ್ಚಿಕೊಂಡ.

"ಏನಕ್ಕಾ ಇದು! ಇದ್ನ ಯಾವತ್ತಾದ್ರು ಆಫ್ ಮಾಡಿದೀರಾ? ಇಷ್ಟೊಂದ್ ಸೀರಿಯಲ್ಲು, ಎಲ್ಲಾ ಓಪನ್ನು. ಆಟ ಬೇರೆ ಅಂಗೇ ಕೂತೈತೆ. ಪಾಪ, ಇದ್ರಲ್ಲಿ ಉಸ್ರಾಡಕ್ಕೆ ಜಾಗ ಇಲ್ಲ. ಇರಿ, ಎಲ್ಲಾ ಮುಚ್ತೀನಿ."

ಅಮ್ಮನ ಸೀರಿಯಲ್ಲುಗಳನ್ನು ಮುಚ್ಚಿದ. ನನ್ನ ಆಫೀಸಿನ ಹಾಳೆಗಳನ್ನು ಮುಚ್ಚಿದ. ಆಮೇಲೆ ಅಪ್ಪನ ಆಟ ಪರದೆಯ ತುಂಬ ಬಂತು. ಮಳೆ ಬರುತ್ತಿರುವ ಒಂದು ರಸ್ತೆ, ಪಕ್ಕದಲ್ಲಿ ನಿಂತ ಲಾರಿ, ಇಂಡಿಕೇಟರ್ ಮಿಣುಕುತ್ತಲೇ ಇತ್ತು.

"ಅದನ್ನ ಮುಚ್ಚಬೇಡಿ!" ನಾನು ಕಿರುಚಿದ್ದಕ್ಕೆ ಪಕ್ಕದಲ್ಲಿ ಮೊಬೈಲು ನೋಡುತ್ತಿದ್ದವರು ತಿರುಗಿದರು.

"ಸೇವ್ ಆಗಿರುತ್ತೆ ಅಕ್ಕಾ. ಏನೂ ಓಗಲ್ಲ."

"ಆಗಿರುತ್ತೆ, ಗೊತ್ತು. ಆದ್ರೂ ಬೇಡ. ನಮ್ಮಪ್ಪ ಆಸ್ಪತ್ರೇಲಿದಾರೆ."

ಎರಡಕ್ಕೂ ಏನು ಸಂಬಂಧ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ. ಅಜ್ಜಿಯ ಚಾಪೆಯ ಕಾನೂನನ್ನು ಕಂಡರೆ ಉರಿದುಬೀಳುತ್ತಿದ್ದವಳು ನಾನು. ಹಾಗಿದ್ದೂ ಲ್ಯಾಪ್‌ಟಾಪನ್ನು ಅವನ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡು, ಮುಚ್ಚಳ ಇಳಿಸಿ, ಆಚೆ ಬಂದೆ. ಬಸ್ಸು ಹತ್ತಿ ಕೂತ ಮೇಲೆ ಬ್ಯಾಟರಿಯ ನೆನಪಾಯಿತು. ಹಳೇ ಬ್ಯಾಟರಿ, ಬೆಳಗಿನಿಂದ ಚಾರ್ಜಿಗಿಲ್ಲ. ಅದು ಸತ್ತರೆ ಆಟ ತಾನಾಗೇ ಮುಚ್ಚಿಹೋಗುತ್ತದೆ. ಬಂಗಾರಪೇಟೆಯಲ್ಲಿ ಇಳಿದು ಮನೆಗೆ ಹೋಗಿ ಚಾರ್ಜಿಗೆ ಹಾಕುವುದೋ, ನೇರ ಕೋಲಾರಕ್ಕೆ ಹೋಗುವುದೋ? ಬಸ್ ಸ್ಟಾಂಡಿನಲ್ಲಿ ಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿದೆ, ತಿರುಗಿದೆ, ಮತ್ತೆ ಆ ಕಡೆ ನಡೆದೆ. ಕೋಲಾರದ ಬಸ್ಸಿನ ಕಂಡಕ್ಟರು, "ಏನಮ್ಮ, ಬತ್ತೀಯೋ ಇಲ್ವೋ?" ಅಂತ ಗದರಿದ ಮೇಲೆ ಹತ್ತಿದೆ. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಸ್ಸು ನಿಂತಲ್ಲೆಲ್ಲ ಡ್ರೈವರನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ.

ವಾರ್ಡಿನಲ್ಲಿ ಅಪ್ಪ ದಿಂಬಿಗೆ ಒರಗಿ ಕೂತಿದ್ದ. ಅಮ್ಮ ಕಿತ್ತಲೆ ಬಿಡಿಸುತ್ತಿದ್ದಳು. ನಾನು ಲ್ಯಾಪ್‌ಟಾಪನ್ನು ಅವನ ತೊಡೆಯ ಮೇಲಿಟ್ಟು ಮುಚ್ಚಳ ಎತ್ತಿದೆ. ಎದ್ದುಕೊಂಡಿತು. ಮಳೆ, ಲಾರಿ, ಇಂಡಿಕೇಟರ್. ಮೂಲೆಯಲ್ಲಿ ಬ್ಯಾಟರಿಯ ಗುರುತು ಕೆಂಪಾಗಿತ್ತು.

"ಅಯ್ಯೋ, ಗಾಡಿ ಇನ್ನೂ ಅಲ್ಲೇ ನಿಂತೈತಾ," ಅಂದ ಅಪ್ಪ. ನಾನು ಅಂಗಡಿಯ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಎಷ್ಟು ವರ್ಷಕ್ಕೆ ಅಂತ ಕೇಳಿದ್ದನ್ನು ಬಿಟ್ಟು. ಅಮ್ಮ ಕಿತ್ತಲೆ ಕೆಳಗಿಟ್ಟು, "ಮುಚ್ಲಿಲ್ಲ ತಾನೆ?" ಅಂದಳು. ಇಲ್ಲ ಅಂದೆ. ಅವಳು ಮತ್ತೆ ಕಿತ್ತಲೆ ಕೈಗೆತ್ತಿಕೊಂಡಳು.

ಅಪ್ಪನ ಬೆರಳು ಕೀಲಿಗಳ ಮೇಲೆ ಹೋಯಿತು. ಲಾರಿ ರಸ್ತೆಗೆ ಬಂತು. ಬೇರೇನೂ ತೆರೆದಿರಲಿಲ್ಲವಲ್ಲ, ಎದುರಿನ ಮರಗಳು ದೂರದಿಂದಲೇ ಕಾಣತೊಡಗಿದವು. "ರೋಡ್ ಆಕಿ ಮುಗಿಸವ್ರೆ," ಅಂತ ಅವನು ನಕ್ಕ, ನಗು ಕೆಮ್ಮಾಯಿತು. ನರ್ಸು ಬಂದು, ಇದೇನ್ರೀ ಇಲ್ಲಿ, ತೆಗೀರಿ ಅಂದರು. "ಎರಡ್ ನಿಮ್ಷ ತಾಯಿ, ಸರಕು ಇಳಿಸ್ಬಿಡ್ತೀನಿ," ಅಂತ ಅಪ್ಪ ಎಷ್ಟು ಗಂಭೀರವಾಗಿ ಬೇಡಿಕೊಂಡನೆಂದರೆ ಅವರೂ ನಿಂತು ನೋಡಿದರು. ಹತ್ತಿರದಲ್ಲೇ ಊರಿತ್ತು. ಅವನು ಲಾರಿಯನ್ನು ಹಿಂದಕ್ಕೆ ತಂದು, ಗೆರೆಗಳ ನಡುವೆ ನಿಲ್ಲಿಸಿ, ಸರಕು ಬಿಟ್ಟ. ಆಮೇಲೆ ಆಟವನ್ನು ಮುಚ್ಚಿದ. ತಾನೇ. ಲ್ಯಾಪ್‌ಟಾಪಿನ ಒಳಗೆ ಇಷ್ಟು ಹೊತ್ತು ಗುರುಗುಡುತ್ತಿದ್ದ ಫ್ಯಾನು ನಿಂತಿತು.

ನಾನು ಅವನ ಕಡೆ ಬಗ್ಗಿದೆ. "ಯಾಕಪ್ಪಾ ಮುಚ್ಚಿದೆ?"

"ಡ್ಯೂಟಿ ಮುಗೀತಲ್ಲ, ಅದ್ಕೆ."

ಅಷ್ಟು ಹೇಳಿ ದಿಂಬಿಗೆ ತಲೆಯಿಟ್ಟು ಕಣ್ಣು ಮುಚ್ಚಿದ. ನಾನು ಅಮ್ಮನ ಮುಖ ನೋಡಿದೆ. ಅವಳು ನೆಮ್ಮದಿಯಾಗಿ ಕಿತ್ತಲೆಯ ಬೀಜ ತೆಗೆಯುತ್ತಿದ್ದಳು. ಅವಳ ಪಾಲಿಗೆ ಗಂಡ ಮೇಲೆ ಬಂದು ಚಾಪೆ ಸುತ್ತಿದ್ದ. ನನಗೆ ಮಾತ್ರ ಅವನು ಎಲ್ಲವನ್ನೂ ಮುಗಿಸಿ ಎತ್ತಿಡುತ್ತಿದ್ದಾನೇನೋ ಅನ್ನುವ ದಿಗಿಲು. ಮಂಚದ ಕಂಬಿ ಹಿಡಿದು ನಿಂತಿದ್ದೆ. ಅಪ್ಪ ಕಣ್ಣು ಬಿಡದೆಯೇ ಕೇಳಿದ:

"ವಸಾದ್ರಲ್ಲಿ ಎಷ್ಟ್ ಜಾಗ ಇರ್ತಾವೆ, ಆ ಮೆಮೊರಿ ಆಕಕ್ಕೆ?"

"ಎರಡು. ಬೆಸುಗೆ ಹಾಕಿರೋದು ಬಿಟ್ಟು ಬೇರೆ ತಗೊಂಡ್ರೆ."

"ಅಂಗಾದ್ರೆ ಒಂದ್ರಲ್ಲಿ ಅದಿನಾರು ಆಕ್ಸು. ಇನ್ನೊಂದ್ ಖಾಲಿ ಬುಡು. ಅದುಕ್ಕೆ ನಾನೇ ಬತ್ತೀನಿ."

"ನೀನಾ? ರಾಬರ್ಟ್‌ಸನ್ ಪೇಟೆಗಾ?"

"ಊಂ. ಅಲ್ಲಿಂದ ಅಂಗೇ ಲೈನ್ ಕಡೆ ಒಂದ್ ಸುತ್ತು ಓಗಿ ಬರಾಣ. ನೋಡಿ ಬಾಳ ದಿನ ಆಯ್ತು."

ಕೊಟ್ಟಿಗೆಗೆ ಹೋಗಿಬರಲಾಗದವನ ಮಾತು ಇದು. ನನಗೆ ಅಳು ಬಂತು, ಸಿಟ್ಟೂ ಬಂತು, ಎರಡನ್ನೂ ನುಂಗಿಕೊಂಡು ಸರಿ ಅಂದೆ. ಅಂಗಡಿಗೆ ಹೋಗಿ ಹಾಗೇ ಹೇಳಿದೆ. ಅಂಗಡಿಯಾತ ತಿಳಿಹೇಳಿದ: ಜೋಡಿ ಇದ್ದರೆ ಓಟವೂ ಚೆನ್ನ, ಮೆಮೊರಿಯ ಬೆಲೆ ನೋಡಿದರೆ ದಿನಾ ಏರುತ್ತಿದೆ, ಎರಡನ್ನೂ ಈಗಲೇ ಹಾಕಿಸಿಕೊಳ್ಳುವುದೇ ಬುದ್ಧಿವಂತಿಕೆ. ಅವನು ಹೇಳಿದ್ದು ಅಕ್ಷರಶಃ ಸರಿ. "ಇನ್ನೊಂದನ್ನ ನಮ್ಮಪ್ಪನೇ ಬಂದು ಹಾಕಿಸ್ತಾರೆ," ಅಂದೆ. ಆ ಮಾತನ್ನು ಜೋರಾಗಿ ಹೇಳಿದ ಮೇಲೆ ಮೊದಲ ಸಲ ನನ್ನ ಬಾಯಿ ಗೊಣಗುವುದನ್ನು ನಿಲ್ಲಿಸಿತು.

ಅಪ್ಪ ಮನೆಗೆ ಬಂದ. ಹೊಸದರಲ್ಲಿ ರಸ್ತೆ ಪೂರ್ತಿ ಕಾಣುತ್ತದೆ. ಆಟಕ್ಕೆ ಹೊಸ ಊರುಗಳನ್ನು ಸೇರಿಸಿಕೊಂಡ ಮೇಲೆ ದೊಡ್ಡ ಊರಿನೊಳಗೆ ಹೊಕ್ಕಾಗ ಒಂದೊಂದು ಸಲ ತಡವರಿಸುತ್ತದೆ. ಅಂಗಡಿಯಾತ ಫೋನು ಮಾಡಿ, ಅಕ್ಕಾ, ಬೆಲೆ ಇನ್ನೂ ಏರಿದೆ, ಈಗಲಾದರೂ ಹಾಕಿಸಿ ಅನ್ನುತ್ತಾನೆ. ನನಗೂ ಕೈ ಕಡಿಯುತ್ತದೆ. ಅಪ್ಪ ಮಲಗಿದ್ದಾಗ ಒಯ್ದು ಹಾಕಿಸಿ ತಂದುಬಿಡೋಣ ಅನ್ನಿಸುತ್ತದೆ. ಒಮ್ಮೆ ಚೀಲಕ್ಕೂ ಇಟ್ಟಿದ್ದೆ, ಮತ್ತೆ ತೆಗೆದಿಟ್ಟೆ. ಕೇಳಿದರೆ ಅಪ್ಪ, "ನಾನೇ ಬತ್ತೀನಿ ಅಂದಿಲ್ವಾ?" ಅನ್ನುತ್ತಾನೆ.

ಹೋದ ಭಾನುವಾರ ಬೆಳಿಗ್ಗೆ ಎದ್ದವನೇ ಪ್ಯಾಂಟು ಹಾಕಿಕೊಂಡ, ತಲೆ ಬಾಚಿಕೊಂಡ. ಚಪ್ಪಲಿ ಮೆಟ್ಟಿ ಗೇಟಿನವರೆಗೆ ನಡೆದ. ಅಲ್ಲಿ ಕಂಬಿ ಹಿಡಿದು ಸುಮಾರು ಹೊತ್ತು ರಸ್ತೆ ನೋಡುತ್ತ ನಿಂತಿದ್ದ. ನಾನು ಹಿಂದೆ ಕುರ್ಚಿ ಹಿಡಿದುಕೊಂಡು, ಕರೆಯಲೂ ಆಗದೆ ಬಿಡಲೂ ಆಗದೆ ಚಡಪಡಿಸುತ್ತಿದ್ದೆ. ಆಮೇಲೆ ನಿಧಾನಕ್ಕೆ ತಿರುಗಿ ಬಂದು, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟ. ಅದರ ಮುಖ ರಸ್ತೆಯ ಕಡೆಗಿರುವಂತೆ ಬಿಟ್ಟ. "ಮುಂದಿನ್ ವಾರ ನೋಡಾಣ," ಅಂದು ಒಳಗೆ ಹೋಗಿ ಡ್ಯೂಟಿಗೆ ಕೂತ.

ಅಮ್ಮ ಕೊಟ್ಟಿಗೆಯ ಕೆಲಸ ಮುಗಿಸಿ ಪೊರಕೆ ತಂದು ಅಂಗಳ ಗುಡಿಸಿದಳು. ಚಪ್ಪಲಿಯ ಹತ್ತಿರ ಬಂದಾಗ ಒಂದು ಗಳಿಗೆ ನಿಂತಳು. ಅದನ್ನು ಮುಟ್ಟದೆ, ಸುತ್ತಲೂ ಗುಡಿಸಿಕೊಂಡು ಹೋದಳು.